ಚಳಿಗೆ ಸೆಟೆದುಕೊಂಡ ಪಿಕಪ್ ಕವರ್: ಬಲ ಬೇಡ, ಬಿಸಿ ಸಾಕು

ಅಕ್ಟೋಬರ್ ತನಕ ಒಂದೇ ಕೈಯಲ್ಲಿ ಸುತ್ತಿ ಬಿಚ್ಚುತ್ತಿದ್ದ ಪಿಕಪ್ ಬೆಡ್ (ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ) ಕವರ್ ಜನವರಿಯಲ್ಲಿ ಹಟ ಹಿಡಿಯುತ್ತದೆ. ಹಾಸಿದರೆ ಟೇಲ್‌ಗೇಟ್, ಅಂದರೆ ಬೆಡ್‌ನ ಹಿಂಬಾಗಿಲ ತನಕ ಬರುವುದೇ ಇಲ್ಲ, ಒಂದು ಬೆರಳಿನಷ್ಟು ಕಡಿಮೆ ಬೀಳುತ್ತದೆ. ಎಳೆದು ಎಡಗಡೆ ಕೂರಿಸಿದರೆ ಬಲಗಡೆ ಎದ್ದುಕೊಳ್ಳುತ್ತದೆ. ಅಮೆರಿಕದ ಮಿಶಿಗನ್, ಮಿನೆಸೋಟ, ಕೆನಡಾದ ಮ್ಯಾನಿಟೋಬ, ಆಲ್ಬರ್ಟ ಕಡೆ ಪಿಕಪ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಕಥೆ. ಅಲ್ಲಿಗೆ ಹೊಸದಾಗಿ ಹೋಗಿ, ಮೊದಲ ಸಲ ಎಫ್-150 ಅಥವಾ ಸಿಲ್ವರಾಡೊ ಕೊಂಡ ನಮ್ಮವರಿಗೆ ಮಾತ್ರ ಕವರ್ ಕೆಟ್ಟೇ ಹೋಯಿತು ಅನ್ನಿಸುತ್ತದೆ.

ಅದು ಕೆಟ್ಟಿಲ್ಲ, ತಣ್ಣಗಾಗಿದೆ ಅಷ್ಟೇ. ಕೆಡುವುದು ಆಮೇಲೆ, ನಾವು ಸಿಟ್ಟಿನಲ್ಲಿ ಎಳೆದಾಗ.

ಇಲ್ಲಿ ಹೇಳುತ್ತಿರುವುದು ಮೆತ್ತನೆ ಕವರ್ ಬಗ್ಗೆ. ಅಮೆರಿಕದಲ್ಲಿ ಇದಕ್ಕೆ ಸಾಫ್ಟ್ ಟನೋ ಕವರ್ ಅನ್ನುತ್ತಾರೆ. ಅಲ್ಯೂಮಿನಿಯಂ ಅಥವಾ ಫೈಬರ್ ಹಲಗೆಯ ಗಟ್ಟಿ ಕವರ್‌ಗಳ ತಾಪತ್ರಯವೇ ಬೇರೆ, ಅವನ್ನು ಇಲ್ಲಿ ಮುಟ್ಟುವುದಿಲ್ಲ.

ವಿನೈಲ್‌ಗೆ ಆಗುವುದೇನು

ನೋಡಲು ಬಟ್ಟೆಯ ಹಾಗಿದ್ದರೂ ಇದು ಪಿವಿಸಿ. ಒಳಗೆ ಪಾಲಿಯೆಸ್ಟರ್ ನೇಯ್ಗೆ, ಮೇಲೆ ವಿನೈಲ್ ಲೇಪನ. ನಮ್ಮ ಆಟೋ ಸೀಟಿನ ರೆಕ್ಸಿನ್ ಜಾತಿಗೇ ಸೇರಿದ್ದು, ಸ್ವಲ್ಪ ದಪ್ಪ. ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು. ಮನೆಯ ನೀರಿನ ಪೈಪ್ ಕೂಡ ಅದೇ ಅಲ್ವಾ? ಅದಕ್ಕೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸಿದರೆ ಮೆತ್ತಗಾಗುತ್ತದೆ. ಚಳಿ ಏರಿದಷ್ಟೂ ಆ ಮೆತ್ತನೆ ಗುಣ ಇಳಿಯುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಬಿಗಿಯಾಗುತ್ತದೆ. ಮೈನಸ್ 20ರ ಹೊತ್ತಿಗೆ ಮಡಿಸಿದ ಜಾಗದಲ್ಲಿ ಬಿರುಕು ಬಿಡುವ ಮಟ್ಟಕ್ಕೂ ಹೋಗಬಹುದು.

ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ನಾವು ಬಾಟಲಿಯನ್ನು ಕುಟ್ಟುವುದಿಲ್ಲ, ಬಿಸಿನೀರಿನಲ್ಲಿ ಇಡುತ್ತೇವೆ. ಇದಕ್ಕೂ ಅದೇ ಮದ್ದು.

ಎರಡನೆಯ ಸಂಗತಿ ಕುಗ್ಗುವುದು. ಐದೂವರೆ ಅಡಿ ಬೆಡ್ ಅಂದರೆ ಸುಮಾರು 1.7 ಮೀಟರ್. ಬೇಸಿಗೆಯ 30 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದರೆ ಅಷ್ಟು ಉದ್ದದ ಅಲ್ಯೂಮಿನಿಯಂ ರೈಲ್ (ಕವರ್ ಅಂಟುವ ಬದಿಯ ಪಟ್ಟಿ) ಕುಗ್ಗುವುದು 2 ಮಿಲಿಮೀಟರ್ ಮಾತ್ರ. ಮೆತ್ತನೆ ವಿನೈಲ್ ಅದಕ್ಕಿಂತ ಜಾಸ್ತಿ ಕುಗ್ಗುತ್ತದೆ. ಜೊತೆಗೆ, ಬಿಗಿಯಾಗಿ ಎಳೆದು ಕಟ್ಟಿದ್ದಾಗ ಹಿಗ್ಗಿದ್ದ ವಿನೈಲ್, ಬಿಚ್ಚಿ ಸುತ್ತಿಟ್ಟ ಕೂಡಲೇ ಆ ಹಿಗ್ಗನ್ನೂ ಬಿಡುತ್ತದೆ. ಮುಚ್ಚಿದ ಕವರನ್ನು ನಾಲ್ಕೂ ಕಡೆ ಹಿಡಿದಿಟ್ಟಿರುತ್ತದೆ, ಸುತ್ತಿಟ್ಟ ಕವರಿಗೆ ಹಿಡಿತವೇ ಇಲ್ಲ. ಹಾಗಾಗಿ ರಾತ್ರಿಯೆಲ್ಲ ಸುತ್ತಿಟ್ಟು ಬೆಳಗ್ಗೆ ಮುಚ್ಚಲು ಹೋದರೆ ಕಷ್ಟ ಎರಡು ಪಟ್ಟು. ಚಳಿಗಾಲದ ಮೊದಲ ನಿಯಮ ಇಲ್ಲಿಂದಲೇ ಹುಟ್ಟುತ್ತದೆ: ಕೆಲಸ ಮುಗಿದ ತಕ್ಷಣ ಮುಚ್ಚಿಬಿಡಿ, ಮುಚ್ಚಿಯೇ ಇಡಿ.

ಹಳೆಯ ಕವರ್ ಆದರೆ ಇನ್ನೂ ಎಚ್ಚರ ಬೇಕು. ಬಿಸಿಲು ವರ್ಷ ವರ್ಷವೂ ಪ್ಲಾಸ್ಟಿಸೈಸರನ್ನು ಹೀರಿ ಬಿಡುತ್ತದೆ. ಪಕ್ಕದ ಮನೆಯವನ ಹೊಸ ಕವರ್ ಮೈನಸ್ 15ರಲ್ಲಿ ಸಲೀಸಾಗಿ ಬಗ್ಗಿತು ಅಂತ ನಿಮ್ಮ ಎಂಟು ವರ್ಷದ ಕವರನ್ನು ಬಗ್ಗಿಸಲು ಹೋಗಬೇಡಿ.

ಮೊದಲು ನಿಮ್ಮದು ಯಾವ ಬಗೆ ನೋಡಿ

ಮೆತ್ತನೆ ಕವರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸುತ್ತುವ ಕವರ್ ಮೊದಲನೆಯದು. ಬದಿಯ ರೈಲ್‌ಗೆ ಹೆಚ್ಚಾಗಿ ವೆಲ್ಕ್ರೋದಿಂದ ಅಂಟುತ್ತದೆ, ಹಿಂದಿನ ಪಟ್ಟಿ ಟೇಲ್‌ಗೇಟ್ ಹತ್ತಿರ ಲಾಕ್ ಆಗುತ್ತದೆ. ಎರಡನೆಯದು ಮೂರು ಮಡಿಕೆಯ ಕವರ್. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ವಿನೈಲ್ ಬಿಗಿದಿರುತ್ತಾರೆ, ಒಳಗಿನಿಂದ ಕ್ಲ್ಯಾಂಪ್ ಹಾಕುತ್ತಾರೆ. ಮೂರನೆಯದು ಸುತ್ತಲೂ ಟಿಚ್ ಬಟನ್ ಇರುವ ಹಳೇ ಕಾಲದ ಕವರ್.

ಚಳಿಯಲ್ಲಿ ಅತಿ ಹೆಚ್ಚು ಕಾಡುವುದು ಟಿಚ್ ಬಟನ್ ಕವರ್. ಪ್ರತಿ ಬಟನ್ನಿಗೂ ವಿನೈಲನ್ನು ಸರಿಯಾಗಿ ಅದರ ಜಾಗಕ್ಕೆ ಎಳೆದು ತರಬೇಕು. ಕುಗ್ಗಿದ್ದರೆ ಬಟನ್ನೇ ಕಿತ್ತು ಬರುತ್ತದೆ. ಮೂರು ಮಡಿಕೆಯದು ಎಲ್ಲಕ್ಕಿಂತ ಸುಲಭ, ಏಕೆಂದರೆ ವಿನೈಲ್ ಚೌಕಟ್ಟಿಗೇ ಬಿಗಿದಿರುತ್ತದೆ, ನೀವು ಎಳೆಯಬೇಕಾಗಿಲ್ಲ. ಆದರೆ ಮಡಿಕೆ ಬೀಳುವ ಗೆರೆಯೇ ಅದರ ದೌರ್ಬಲ್ಯ. ಬಿರುಕು ಶುರುವಾಗುವುದು ಅಲ್ಲೇ.

ಅಕ್ಟೋಬರ್‌ನಲ್ಲಿ ಮಾಡುವ ಕೆಲಸ

ಚಳಿಗಾಲದ ಮುಕ್ಕಾಲು ಪಾಲು ತೊಂದರೆ ಅಕ್ಟೋಬರ್‌ನ ಒಂದು ಬಿಸಿಲಿನ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಹೊರಗೆ 15 ಡಿಗ್ರಿಯಾದರೂ ಇರುವ ದಿನ ಆರಿಸಿಕೊಳ್ಳಿ.

ಮೊದಲು ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ಸ್ವಲ್ಪ, ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್. ಮೇಲೂ ಕೆಳಗೂ ತೊಳೆಯಬೇಕು. ರೈಲ್‌ನ ಸಂದಿಯಲ್ಲಿ ಬಿದ್ದಿರುವ ಎಲೆಚೂರು, ಮರಳು, ಪೈನ್ ಮುಳ್ಳು ಎಲ್ಲ ತೆಗೆಯಿರಿ. ವೆಲ್ಕ್ರೋದ ಕೊಕ್ಕೆಗಳಲ್ಲಿ ಸಿಕ್ಕಿಕೊಂಡ ನಾರು, ಕಸವನ್ನು ಗಟ್ಟಿ ನೈಲಾನ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಹಳೇ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಆಗುತ್ತದೆ. ಕೊಳೆ ತುಂಬಿದ ವೆಲ್ಕ್ರೋ ಬೇಸಿಗೆಯಲ್ಲಿ ಹೇಗೋ ನಿಲ್ಲುತ್ತದೆ. ಚಳಿಯಲ್ಲಿ ಕುಗ್ಗಿದ ವಿನೈಲಿನ ಎಳೆತಕ್ಕೆ ಸರ್ರನೆ ಬಿಟ್ಟುಕೊಳ್ಳುತ್ತದೆ.

ಪೂರ್ತಿ ಒಣಗಿದ ಮೇಲೆ ವಿನೈಲ್‌ಗೆ ನೀರಿನ ಮೂಲದ ಪ್ರೊಟೆಕ್ಟೆಂಟ್, ಅಂದರೆ ಕಾಪಾಡುವ ದ್ರವ ಹಚ್ಚಿ. 303 ಹೆಸರಿನದು ಹಾರ್ಡ್‌ವೇರ್ ಅಂಗಡಿ, ದೋಣಿ ಸಾಮಾನಿನ ಅಂಗಡಿ ಎರಡರಲ್ಲೂ ಸಿಗುತ್ತದೆ. ಬಟ್ಟೆಯಲ್ಲಿ ತೆಳುವಾಗಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಉಜ್ಜಬೇಕು. ಇದು ಬಿಸಿಲಿನ ಹೊಡೆತ ತಡೆಯುತ್ತದೆ, ಹಿಮ ಜಾರಿ ಬೀಳಲು ಸ್ವಲ್ಪ ಸಹಾಯ ಮಾಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಮೂಲದ ಪಾಲಿಶ್ ಬೇಡ. ಅಡುಗೆ ಎಣ್ಣೆ ಒರೆಸಿದರೆ ಮೆತ್ತಗಾಗುತ್ತದೆ ಎನ್ನುವವರೂ ಇದ್ದಾರೆ. ಸುಮ್ನೆ ಧೂಳು ಅಂಟುತ್ತದೆ, ಇನ್ನೇನೂ ಆಗುವುದಿಲ್ಲ.

ಈಗ ಬಿಗಿತ. ಇದೇ ಅತಿ ಮುಖ್ಯ, ಬಹಳ ಜನ ಮರೆಯುವುದೂ ಇದನ್ನೇ. ಸುತ್ತುವ ಕವರ್‌ಗಳಲ್ಲಿ ಬಿಗಿತ ಹೊಂದಿಸಲು ಬೋಲ್ಟೋ ತಿರುಪೋ ಇರುತ್ತದೆ. ಮಾದರಿಗೆ ತಕ್ಕಂತೆ ಕ್ಯಾಬ್ (ಚಾಲಕ ಕೂರುವ ಭಾಗ) ಕಡೆಯ ಮೂಲೆಗಳಲ್ಲಿ ಅಥವಾ ಹಿಂದಿನ ಪಟ್ಟಿಯ ತುದಿಗಳಲ್ಲಿ ಹುಡುಕಿ. ಜುಲೈನಲ್ಲಿ ಕವರ್ ಜೋಲು ಬಿದ್ದಿತ್ತು ಅಂತ ನೀವು ಬಿಗಿ ಮಾಡಿರುತ್ತೀರಿ. ಅದೇ ಬಿಗಿತ ಜನವರಿಗೆ ಅತಿಯಾಗುತ್ತದೆ. ಚಳಿ ಶುರುವಾಗುವ ಮುನ್ನ ಸಡಿಲ ಮಾಡಿ. ಎರಡೂ ಕಡೆ ಒಂದೇ ಅಳತೆಗೆ, ಒಂದು ಸುತ್ತು ಇಲ್ಲಿ, ಒಂದು ಸುತ್ತು ಅಲ್ಲಿ. ಒಂದೇ ಕಡೆ ಸಡಿಲಿಸಿದರೆ ಹಿಂದಿನ ಪಟ್ಟಿ ಓರೆಯಾಗಿ ಲಾಕ್ ಕೂರುವುದಿಲ್ಲ. ಅಕ್ಟೋಬರ್ ಬಿಸಿಲಿನಲ್ಲಿ ಸ್ವಲ್ಪ ಸಡಿಲ ಕಂಡರೆ ಸರಿಯಾಗಿದೆ ಎಂದೇ ಅರ್ಥ. ಗಾಳಿಗೆ ಪಟಪಟ ಬಡಿಯುವಷ್ಟು ಸಡಿಲ ಮಾತ್ರ ಬೇಡ.

ರಬ್ಬರ್ ಸೀಲ್‌ಗಳಿಗೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದುಕೊಂಡು ತೆಳುವಾಗಿ ಒರೆಸಿ. ಟೇಲ್‌ಗೇಟ್ ಮೇಲ್ಭಾಗದ ಸೀಲನ್ನು ಮರೆಯಬೇಡಿ. ಅಲ್ಲಿ ನೀರು ಹೆಪ್ಪುಗಟ್ಟಿದರೆ ಟೇಲ್‌ಗೇಟ್ ತೆಗೆಯುವಾಗ ಸೀಲೇ ಹರಿದು ಬರುತ್ತದೆ. ಲ್ಯಾಚ್, ಕ್ಲ್ಯಾಂಪ್‌ನ ತಿರುಪು, ಟಿಚ್ ಬಟನ್‌ಗಳಿಗೂ ಅದೇ ಸಿಲಿಕೋನ್. ಬೀಗದ ತೂತಿಗೆ ಗ್ರಾಫೈಟ್ ಪುಡಿ ಒಳ್ಳೆಯದು. ವೆಲ್ಕ್ರೋ ಮೇಲೆ ಮಾತ್ರ ಯಾವ ಸ್ಪ್ರೇಯೂ ಬೀಳಬಾರದು.

ಕೊನೆಗೆ ಬೆಡ್‌ನ ತೂತುಗಳು. ಒಳಗೆ ಸೇರಿದ ನೀರು ಹರಿದುಹೋಗಲು ಮೂಲೆಗಳಲ್ಲಿ ತೂತು ಇರುತ್ತವೆ. ಕಡ್ಡಿ ಹಾಕಿ ನೋಡಿ, ಮುಚ್ಚಿಹೋಗಿದ್ದರೆ ಬಿಡಿಸಿ.

ಹಿಮ ಬೀಳುವ ಮುನ್ನ

ಹವಾಮಾನ ವರದಿಯಲ್ಲಿ ಹಿಮ ಎಂದು ಹೇಳಿದ ದಿನ ಕವರ್ ಮುಚ್ಚಿರಲಿ. ಸುತ್ತಿಟ್ಟ ಸುರುಳಿಯೊಳಗೆ ಹಿಮ ಸೇರಿ ಹೆಪ್ಪುಗಟ್ಟಿದರೆ ಆ ಕವರ್ ಕರಗುವ ತನಕ ಬಿಚ್ಚುವಂತಿಲ್ಲ.

ಗಾಡಿ ನಿಲ್ಲಿಸುವ ರೀತಿಯಿಂದಲೂ ಸಹಾಯ ಇದೆ. ಇಳಿಜಾರು ಡ್ರೈವ್‌ವೇ ಇದ್ದರೆ ಮೂತಿ ಮೇಲೆ, ಟೇಲ್‌ಗೇಟ್ ಕೆಳಗೆ ಬರುವಂತೆ ನಿಲ್ಲಿಸಿ. ಕರಗಿದ ನೀರು ನಡುವೆ ನಿಲ್ಲದೆ ಹಿಂದಕ್ಕೆ ಹರಿಯುತ್ತದೆ. ಬೆಡ್ ದಕ್ಷಿಣದ ಕಡೆಗೆ, ನೆರಳಿಲ್ಲದ ಜಾಗದಲ್ಲಿರಲಿ. ಡಿಸೆಂಬರ್ ಕೊನೆಯಲ್ಲಿ ಡೆಟ್ರಾಯಿಟ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ಕೂಡ ದಿಗಂತದಿಂದ 24 ಡಿಗ್ರಿ ಮೇಲೇರುತ್ತಾನೆ, ಅಷ್ಟೇ. ಎದುರು ಮನೆಯ ನೆರಳೇ ಇಡೀ ಗಾಡಿಯನ್ನು ಮುಚ್ಚಿಬಿಡಬಹುದು. ಆ ಸ್ವಲ್ಪ ಬಿಸಿಲು ಸಿಕ್ಕರೂ ಸಾಕು, ಕಪ್ಪು ವಿನೈಲ್ ಸುತ್ತಲಿನ ಗಾಳಿಗಿಂತ ಚೆನ್ನಾಗಿ ಬೆಚ್ಚಗಾಗುತ್ತದೆ.

ಹಿಮ ತೆಗೆಯುವುದು

ಹಿಮ ಹಗುರ ಅಂದುಕೊಳ್ಳಬೇಡಿ. ಲೆಕ್ಕ ಹಾಕೋಣ. ಐದೂವರೆ ಅಡಿ ಬೆಡ್‌ನ ಕವರ್ ಸುಮಾರು ಎರಡೂವರೆ ಚದರ ಮೀಟರ್. ಪುಡಿ ಹಿಮದ ತೂಕ ನೀರಿನ ಹತ್ತನೇ ಒಂದು ಭಾಗ ಅಂತ ಇಟ್ಟುಕೊಂಡರೆ, ಒಂದು ಅಡಿ ಹಿಮ ಅಂದರೆ 75 ಕೆಜಿ. ಒಬ್ಬ ದೊಡ್ಡವರು ಕವರ್ ಮೇಲೆ ಮಲಗಿದ ಹಾಗೆ. ಅದೇ ಒದ್ದೆ ಹಿಮ ಆದರೆ, ನೀರಿನ ಮೂರನೇ ಒಂದು ಭಾಗದಷ್ಟು ತೂಕ ತೂಗಿದರೆ, 250 ಕೆಜಿ. ಕೆಳಗಿನ ಅಡ್ಡಪಟ್ಟಿಗಳು ತೆಳು ಅಲ್ಯೂಮಿನಿಯಂ. ಬಗ್ಗುವುದು ಖಂಡಿತ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ 6 ಅಡಿಗೂ ಹೆಚ್ಚು ಹಿಮ ಬಿತ್ತು. ಅಂಥ ಕಡೆ ಬಿರುಗಾಳಿ ನಿಲ್ಲುವ ತನಕ ಕಾಯದೆ, ನಡುನಡುವೆ ಹೋಗಿ ತೆಗೆಯಬೇಕು. ಅರ್ಧ ಅಡಿ ಆದಾಗಲೇ ಹೊರಡಿ.

ಸಾಮಾನು: ಫೋಮ್ ತಲೆಯ ಸ್ನೋ ಬ್ರಷ್. ಅಂಗಡಿಯಲ್ಲಿ ಉದ್ದ ಕೋಲಿನದು ಸಿಗುತ್ತದೆ. ಇಲ್ಲದಿದ್ದರೆ ಮನೆಯ ಮೆತ್ತನೆ ಪೊರಕೆ. ಸಲಿಕೆ ಬೇಡವೇ ಬೇಡ, ಪ್ಲಾಸ್ಟಿಕ್ ಸಲಿಕೆಯೂ ಬೇಡ. ತಣ್ಣನೆಯ ವಿನೈಲ್‌ಗೆ ಅದರ ಅಂಚು ಚಾಕು ಇದ್ದ ಹಾಗೆ.

ಮಾಡುವ ಕ್ರಮ ಹೀಗೆ. ಮೊದಲು ಕ್ಯಾಬ್‌ನ ಚಾವಣಿ ಗುಡಿಸಿ. ಇಲ್ಲದಿದ್ದರೆ ಕವರ್ ತೆಗೆದ ಮೇಲೆ ಅಲ್ಲಿಯ ಹಿಮ ಒಳಗೆ ಬೀಳುತ್ತದೆ. ಆಮೇಲೆ ಟೇಲ್‌ಗೇಟ್ ಹತ್ತಿರದಿಂದ ಶುರುಮಾಡಿ, ಮೇಲಿನ ಪದರವನ್ನು ಬದಿಗೆ ತಳ್ಳಿ. ಬ್ರಷ್ ಕೆಳಗೆ ಒತ್ತಬೇಡಿ. ಕೊನೆಯ ಒಂದೆರಡು ಸೆಂಟಿಮೀಟರ್ ಹಿಮ ಉಳಿದರೂ ಪರವಾಗಿಲ್ಲ, ಅದನ್ನು ಹಗುರವಾಗಿ ಗುಡಿಸಿ. ರೈಲ್ ಮತ್ತು ವೆಲ್ಕ್ರೋ ಇರುವ ಅಂಚನ್ನು ಕೊನೆಗೆ, ಕೈಗವಸಿನಲ್ಲೇ ಒರೆಸಿ. ಕೆಳಗಿನಿಂದ ಮೊಣಕೈಯಲ್ಲಿ ಗುದ್ದಿ ಹಿಮ ಹಾರಿಸುವವರನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಮಳೆನೀರಿಗೆ ಅದು ಸರಿ, ಮೈನಸ್ 10ರಲ್ಲಿ ಸರಿಯಲ್ಲ.

ರಸ್ತೆಗಿಳಿಯುವ ಮುನ್ನ ಪೂರ್ತಿ ತೆಗೆದಿರಬೇಕು. ಕವರ್ ಮೇಲಿನ ಹಿಮದ ಹಾಳೆ ಹೈವೇಯಲ್ಲಿ ಎದ್ದು ಹಿಂದಿನ ಕಾರಿನ ಗಾಜಿಗೆ ಬಡಿದರೆ ಅನಾಹುತ. ಕಾನೂನೂ ಇದೆ. ನ್ಯೂಜೆರ್ಸಿಯಲ್ಲಿ ಗಾಡಿಯ ಮೇಲಿನ ಹಿಮ, ಐಸ್ ತೆಗೆಯದೆ ಓಡಿಸಿದರೆ ದಂಡ ಬೀಳುತ್ತದೆ. ಪೆನ್ಸಿಲ್ವೇನಿಯದ 2022ರ ಕಾನೂನಿನಂತೆ ಹಿಮ ನಿಂತ 24 ಗಂಟೆಯೊಳಗೆ ತೆಗೆಯಬೇಕು.

ಐಸ್ ಕಟ್ಟಿದರೆ

ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ನೀರು, ಅಥವಾ ನೇರವಾಗಿ ಬಿದ್ದ ಐಸ್ ಮಳೆ. ಇದು ಹಿಮಕ್ಕಿಂತ ಕೆಟ್ಟದ್ದು, ವಿನೈಲ್‌ಗೆ ಕಚ್ಚಿಕೊಳ್ಳುತ್ತದೆ. ಗಾಜು ಕೆರೆಯುವ ಸ್ಕ್ರೇಪರ್ ಹಿಡಿದು ಹೋಗಬೇಡಿ. ಕುಟ್ಟಬೇಡಿ. ಕುದಿಯುವ ನೀರು ಸುರಿಯಬೇಡಿ. ಒಂದು ನಿಮಿಷ ಕರಗಿದಂತೆ ಕಾಣುತ್ತದೆ, ಆಮೇಲೆ ಆ ನೀರು ರೈಲ್ ಸಂದಿಗೆ, ಲ್ಯಾಚ್ ಒಳಗೆ ಇಳಿದು ಮತ್ತೆ ಗಟ್ಟಿಯಾಗುತ್ತದೆ. ಆಗ ಬಾಗಿಲಿಗೇ ಬೆಸುಗೆ ಹಾಕಿದಂತೆ.

ಉಪ್ಪು ಎರಚುವ ಯೋಚನೆಯೂ ಬೇಡ. ಅಡುಗೆ ಉಪ್ಪಿನ ಜಾತಿಯ ರಸ್ತೆ ಉಪ್ಪು ಮೈನಸ್ 10ರ ಕೆಳಗೆ ಹೇಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹರಳುಗಳು ವಿನೈಲನ್ನು ಗೀರುತ್ತವೆ, ಉಪ್ಪುನೀರು ರೈಲ್ ಮತ್ತು ತಿರುಪುಗಳನ್ನು ತಿನ್ನುತ್ತದೆ.

ಇದ್ದಲ್ಲೇ ಬಿಡುವುದು ಎಷ್ಟೋ ಸಲ ಸರಿಯಾದ ಉತ್ತರ. ತೆಳು ಪದರ ಆದರೆ ಬಿಸಿಲಿಗೆ ತಾನಾಗಿ ಬಿಡುತ್ತದೆ. ಅಂಚು ಬಿಟ್ಟುಕೊಂಡ ಮೇಲೆ ಕೈಯಿಂದ ದೊಡ್ಡ ಹಾಳೆಗಳಾಗಿ ಎತ್ತಿ. ತುರ್ತು ಇದ್ದರೆ ಗರಾಜ್ ಒಳಗೆ ತನ್ನಿ. ಆದರೆ ಒಂದು ಮಾತು: ಮುಚ್ಚಿದ ಗರಾಜ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಬೆಚ್ಚಗೆ ಮಾಡುವ ಕೆಲಸ ಎಂದೂ ಮಾಡಬೇಡಿ. ರಿಮೋಟ್ ಸ್ಟಾರ್ಟ್ ಕೂಡ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಮನೆಯೊಳಗೂ ನುಗ್ಗುತ್ತದೆ, ಜೀವ ತೆಗೆಯುತ್ತದೆ.

ಬೀಗ ಅಥವಾ ಲ್ಯಾಚ್ ಮಾತ್ರ ಹೆಪ್ಪುಗಟ್ಟಿದ್ದರೆ ಬೀಗಕ್ಕೆಂದೇ ಸಿಗುವ, ಐಸ್ ಕರಗಿಸುವ ಆಲ್ಕೋಹಾಲ್ ಡೀಐಸರ್ ಒಂದೆರಡು ಹನಿ ಸಾಕು. ಆ ಪುಟ್ಟ ಬಾಟಲಿ ಜೇಬಿನಲ್ಲಿರಲಿ. ಗಾಡಿಯೊಳಗೆ ಇಟ್ಟು ಬೀಗ ಹಾಕಿದರೆ ಏನು ಪ್ರಯೋಜನ? ಅದನ್ನು ವಿನೈಲ್ ಮೇಲೆಲ್ಲ ಹೊಡೆಯುವ ಅಭ್ಯಾಸ ಮಾತ್ರ ಬೇಡ, ಪದೇ ಪದೇ ಹೊಡೆದರೆ ವಿನೈಲ್ ಒಣಗುತ್ತದೆ.

ಚಳಿಯಲ್ಲಿ ತೆರೆಯುವುದು

ತೆರೆಯಲೇಬೇಕಾ? ಮೊದಲು ಇದನ್ನು ಕೇಳಿಕೊಳ್ಳಿ. ಬೇಕಾದ ಸಾಮಾನನ್ನು ಟೇಲ್‌ಗೇಟ್ ಕೆಳಗಿಳಿಸಿಯೇ ತೆಗೆಯಬಹುದಾದರೆ ಕವರ್ ಮುಟ್ಟಬೇಡಿ. ಇದಕ್ಕಾಗಿ ಚಳಿಗಾಲದಲ್ಲಿ ದಿನಬಳಕೆಯ ಸಾಮಾನು ಟೇಲ್‌ಗೇಟ್ ಕಡೆಗೇ ಇರಲಿ. ಕ್ಯಾಬ್ ಹತ್ತಿರಕ್ಕೆ ಜಾರಿದ್ದನ್ನು ಎಳೆಯಲು ಉದ್ದ ಕೊಕ್ಕೆಯ ಕೋಲು ಒಂದು ಇಟ್ಟುಕೊಳ್ಳಿ. ದೇಸಿ ಅಂಗಡಿಯಿಂದ ತಂದ ಅಕ್ಕಿ ಮೂಟೆ, ಕನ್ನಡ ಕೂಟದ ಯುಗಾದಿ ಊಟಕ್ಕೆ ಹೊರಟ ಸಾಂಬಾರ್ ಪಾತ್ರೆ, ಎಲ್ಲವೂ ಹಿಂದಿನ ಬಾಗಿಲಿನಿಂದಲೇ ಸಾಗಲಿ. ಅಲ್ಲಿ ಯುಗಾದಿಗೂ ಹಿಮ ಬೀಳುವುದು ಉಂಟು!

ತೆರೆಯಲೇಬೇಕೆಂದರೆ ಸೊನ್ನೆ ಡಿಗ್ರಿ, ಅಂದರೆ 32 ಫ್ಯಾರನ್‌ಹೀಟ್, ಒಂದು ಗೆರೆ ಅಂತ ಇಟ್ಟುಕೊಳ್ಳಿ. ನಿಮ್ಮ ಕವರ್‌ನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ಅದರ ಮೇಲಿದ್ದರೆ ಮಾಮೂಲಿನಂತೆ, ಸ್ವಲ್ಪ ನಿಧಾನವಾಗಿ ತೆರೆಯಿರಿ. ಕೆಳಗಿದ್ದರೆ ಮೊದಲು ಬೆಚ್ಚಗೆ ಮಾಡಿ. ಮಿನಿಯಾಪೊಲಿಸ್‌ನಲ್ಲಿ ಜನವರಿ ರಾತ್ರಿಯ ಸರಾಸರಿ ಸುಮಾರು ಮೈನಸ್ 13, ವಿನಿಪೆಗ್‌ನಲ್ಲಿ ಮೈನಸ್ 20ರ ಆಸುಪಾಸು. ಅಂಥ ಬೆಳಗ್ಗೆ ಏಳು ಗಂಟೆಗೆ ತೆರೆಯುವ ಬದಲು ಮಧ್ಯಾಹ್ನ ಎರಡರ ತನಕ ಕಾದರೆ ಅರ್ಧ ಕೆಲಸ ಸೂರ್ಯನೇ ಮಾಡಿರುತ್ತಾನೆ.

ವೆಲ್ಕ್ರೋ ಬಿಡಿಸುವಾಗ ನಡುವಿನಿಂದ ಎತ್ತಬೇಡಿ. ಟೇಲ್‌ಗೇಟ್ ಮೂಲೆಯಿಂದ ಶುರುಮಾಡಿ, ಬೆರಳನ್ನು ರೈಲ್ ಉದ್ದಕ್ಕೂ ಒಳಗೆ ತೂರಿಸುತ್ತಾ ಅಂಗೈ ಅಗಲದಷ್ಟು ಅಂಗೈ ಅಗಲದಷ್ಟೇ ಬಿಡಿಸಿ. ಎಲ್ಲಾದರೂ ಐಸ್ ಹಿಡಿದಿದ್ದರೆ ಕೈಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ, ಬಿಸಿ ಕೊಡಿ. ಎಳೆದರೆ ಹರಿಯುವುದು ವೆಲ್ಕ್ರೋ ಅಲ್ಲ, ಅದರ ಹೊಲಿಗೆ.

ಸುತ್ತುವಾಗ ಸುರುಳಿ ದಪ್ಪಗಿರಲಿ. ಬೇಸಿಗೆಯ ಹಾಗೆ ಬಿಗಿಯಾಗಿ ಸುತ್ತಬೇಡಿ. ಸುತ್ತುತ್ತಾ ಹೋದಂತೆ ಎರಡೂ ಬದಿಯ ತೇವ ಒರೆಸಿ. ಸುರುಳಿಯನ್ನು ಪಟ್ಟಿಯಿಂದ ಕಟ್ಟದೆ ಗಾಡಿ ಓಡಿಸಲೇಬಾರದು. ಅರ್ಧ ಮುಚ್ಚಿ, ಅರ್ಧ ತೆರೆದು ಹೈವೇಗೆ ಹೋಗುವುದಂತೂ ಬೇಡ. ಸೆಟೆದ ವಿನೈಲ್ ಗಾಳಿಗೆ ಬಡಿದುಕೊಂಡರೆ ಒಂದೇ ಪ್ರಯಾಣದಲ್ಲಿ ಸೀಳುತ್ತದೆ.

ಮತ್ತೆ ಮುಚ್ಚುವುದು

ನಿಜವಾದ ಗುದ್ದಾಟ ಇಲ್ಲೇ.

ಗರಾಜ್ ಇದ್ದರೆ ಅಲ್ಲೇ ಮುಗಿಸಿ. ಗಾಡಿ ಒಳಗೆ ತಂದು, ಕವರ್ ಬಿಚ್ಚಿ ಹಾಗೇ ಹರವಿ, ಲಾಕ್ ಮಾಡದೆ ಒಂದು ಗಂಟೆ ಬಿಡಿ. ಹೀಟರ್ ಇಲ್ಲದ ಗರಾಜ್ ಕೂಡ ಹೊರಗಿಗಿಂತ ಬೆಚ್ಚಗಿರುತ್ತದೆ.

ಗರಾಜ್ ಇಲ್ಲವೇ? ಕಪ್ಪು ಮುಖ ಮೇಲೆ ಮಾಡಿ ಬಿಸಿಲಿನಲ್ಲಿ ಹರವಿ. ಬಿಸಿಲೂ ಇಲ್ಲವೇ? ಹಾಗಾದರೆ ಹೇರ್ ಡ್ರೈಯರ್. ಹೊರಗೆ ಬಳಸಲು ಮಾಡಿದ ಎಕ್ಸ್‌ಟೆನ್ಶನ್ ವೈರ್, ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಹೊರಗಿನ ಜಿಎಫ್‌ಸಿಐ ಪ್ಲಗ್, ಇವೆರಡೂ ಇರಬೇಕು. ಒದ್ದೆ ಹಿಮದಲ್ಲಿ ಕರೆಂಟಿನ ಜೊತೆ ಆಟ ಬೇಡ. ಡ್ರೈಯರನ್ನು ಒಂದು ಗೇಣು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಅಂಗೈ ಇಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಕೈ ತೆಗೆಯುವಷ್ಟು ಸುಡಬಾರದು. ಪೇಂಟ್ ಕೀಳುವ ಹೀಟ್ ಗನ್ ಬೇಡ. ಅದರ ಗಾಳಿ 500 ಡಿಗ್ರಿ ತನಕ ಹೋಗಬಹುದು, ವಿನೈಲ್ ಕರಗುತ್ತದೆ. ಬೆಂಕಿಯ ಟಾರ್ಚ್ ಹೆಸರೇ ಎತ್ತಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಕಣ್ಣು, ಗಂಟಲು ಉರಿಸುತ್ತದೆ.

ಕರೆಂಟೂ ಇಲ್ಲದ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಆದರೆ ನನಗೆ ಇಷ್ಟವಾದ ಉಪಾಯ ಹಾಟ್ ವಾಟರ್ ಬ್ಯಾಗ್. ಸೊಂಟ ನೋವಿಗೆ ಇಟ್ಟುಕೊಳ್ಳುತ್ತೇವಲ್ಲ, ಅದೇ. ಟವೆಲ್ ಸುತ್ತಿ, ಹಿಂದಿನ ಪಟ್ಟಿಯಿಂದ ಕ್ಯಾಬ್ ಕಡೆಗೆ ಒಂದು ಅಡಿ ಬಿಟ್ಟು, ಎರಡೂ ಮೂಲೆಗೆ ಒಂದೊಂದು ಇಟ್ಟು ಹತ್ತು ನಿಮಿಷ ಬಿಡಿ. ಹಿಗ್ಗಬೇಕಾದ್ದು ಮೂಲೆಗಳ ಹತ್ತಿರವೇ. ನೀರು ಚೆಲ್ಲುವ ಭಯವಿಲ್ಲ, ವೈರ್ ಬೇಡ.

ಬೆಚ್ಚಗಾದ ಮೇಲೆ ಕ್ರಮ ಮುಖ್ಯ. ರೈಲ್‌ನ ವೆಲ್ಕ್ರೋದಲ್ಲಿ ಹಿಮದ ಹರಳು ಉಳಿದಿವೆಯಾ ನೋಡಿ, ಒಣ ಬ್ರಷ್ ಹಾಕಿ. ಕವರ್ ಪೂರ್ತಿ ಬಿಚ್ಚಿ ನೇರ ಇದೆಯಾ ನೋಡಿ. ಬದಿಯ ವೆಲ್ಕ್ರೋ ಇನ್ನೂ ಅಂಟಿಸಬೇಡಿ. ಮೊದಲು ಹಿಂದಿನ ಪಟ್ಟಿಯನ್ನು ಎರಡೂ ಕೈಯಲ್ಲಿ, ಎರಡೂ ತುದಿ ಒಟ್ಟಿಗೆ ಹಿಡಿದು ಲಾಕ್ ಮಾಡಿ. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರನ್ನು ಕರೆಯಿರಿ. ಒಂದು ತುದಿ ಕೂರಿಸಿ ಇನ್ನೊಂದನ್ನು ಗುದ್ದಿ ಕೂರಿಸಿದರೆ ಪಟ್ಟಿಯೇ ತಿರುಚಿಕೊಳ್ಳುತ್ತದೆ. ಆಮೇಲೆ ಬದಿಗಳನ್ನು ಕ್ಯಾಬ್ ಕಡೆಯಿಂದ ಹಿಂದಕ್ಕೆ ಒತ್ತುತ್ತಾ ಬನ್ನಿ. ಬೆಚ್ಚಗಾದ ವಿನೈಲ್ ತಣ್ಣಗಾಗಲು ಹೆಚ್ಚು ಹೊತ್ತು ಬೇಡ, ಅಷ್ಟರೊಳಗೆ ಮುಗಿಸಬೇಕು. ಅದಕ್ಕೇ ಬ್ರಷ್, ಒರೆಸುವ ಬಟ್ಟೆ ಮೊದಲೇ ಕೈಗೆ ಸಿಗುವಂತಿರಲಿ.

ಆದರೂ ಬರಲಿಲ್ಲವೇ? ಬಿಗಿತದ ಬೋಲ್ಟನ್ನು ಇನ್ನೊಂದೆರಡು ಸುತ್ತು ಸಡಿಲಿಸಿ, ಮತ್ತೆ ನೋಡಿ. ಅಲ್ಲಿಗೂ ಆಗದಿದ್ದರೆ ಸುತ್ತಿ ಕಟ್ಟಿ, ಇನ್ನೊಂದು ದಿನ ನೋಡಿಕೊಳ್ಳಿ.

ಟಿಚ್ ಬಟನ್ ಕವರ್ ಆದರೆ ಮೊದಲು ಕ್ಯಾಬ್ ಸಾಲು, ಆಮೇಲೆ ಹಿಂದಿನ ಎರಡು ಮೂಲೆ, ಕೊನೆಗೆ ಬದಿಗಳು. ಬದಿಯಿಂದ ಶುರುಮಾಡಿದರೆ ಮೂಲೆ ಎಂದೂ ಸಿಗುವುದಿಲ್ಲ. ಬಿಚ್ಚುವಾಗ ಬಟನ್ನಿನ ಕೆಳಗೆ ಬೆರಳು ಅಥವಾ ಪ್ಲಾಸ್ಟಿಕ್ ಪಟ್ಟಿ ಹಾಕಿ ಎತ್ತಿ, ಬಟ್ಟೆ ಹಿಡಿದು ಎಳೆಯಬೇಡಿ. ಮೂರು ಮಡಿಕೆಯದಕ್ಕೆ ಒಂದೇ ಸಲಹೆ: ಮಡಿಕೆಯ ಗೆರೆಗೆ ಬಿಸಿ ಕೊಟ್ಟ ಮೇಲೆಯೇ ಮಡಿಸಿ.

ಚಳಿಗಾಲದಲ್ಲೇ ಹೊಸ ಕವರ್ ಬಂದರೆ

ಕ್ರಿಸ್‌ಮಸ್ ಆಫರ್‌ನಲ್ಲಿ ತರಿಸಿಕೊಂಡವರ ಪಾಡು ಇದು. ಪೆಟ್ಟಿಗೆ ಮನೆಬಾಗಿಲಿಗೆ ಬಂದಾಗ ಕವರ್ ಲಾರಿಯಲ್ಲಿ ಚೆನ್ನಾಗಿ ಹೆಪ್ಪುಗಟ್ಟಿರುತ್ತದೆ. ಆ ಸ್ಥಿತಿಯಲ್ಲಿ ಬಿಚ್ಚಬೇಡಿ. ಪೆಟ್ಟಿಗೆ ಸಮೇತ ಮನೆಯೊಳಗೆ ಒಂದು ದಿನ ಇಡಿ. ಆಮೇಲೆ ಹಾಲ್‌ನಲ್ಲಿ ಹರವಿ ಇನ್ನೊಂದು ರಾತ್ರಿ ಬಿಟ್ಟರೆ ಮಡಿಕೆಯ ಸುಕ್ಕುಗಳೂ ಅರ್ಧ ಹೋಗುತ್ತವೆ.

ಜೋಡಿಸುವಾಗ ಕಾಡುವುದು ವಿನೈಲ್‌ಗಿಂತ ಅಂಟು. ಕ್ಯಾಬ್ ಕಡೆಯ ಸೀಲ್ ಪಟ್ಟಿ, ಕೆಲವು ಮಾದರಿಗಳಲ್ಲಿ ವೆಲ್ಕ್ರೋ ಕೂಡ ಅಂಟು ಟೇಪ್‌ನಲ್ಲಿ ಬರುತ್ತದೆ. ಇಂಥ ಟೇಪ್‌ಗಳಿಗೆ 21 ಡಿಗ್ರಿಯ ಮೇಲೆ ಇದ್ದರೆ ಒಳ್ಳೆಯದು, 10 ಡಿಗ್ರಿಗಿಂತ ಕೆಳಗೆ ಅಂಟಿಸಿದರೆ ನಿಲ್ಲುವುದಿಲ್ಲ. ಲೋಹ ಕೂಡ ಬೆಚ್ಚಗಿರಬೇಕು, ಬರೀ ಗಾಳಿಯಲ್ಲ. ಜಾಗವನ್ನು ಆಲ್ಕೋಹಾಲ್‌ನಿಂದ ಒರೆಸಿ, ಒಣಗಿಸಿ, ಅಂಟಿಸಿ, ಗಟ್ಟಿಯಾಗಿ ಒತ್ತಿ. ಪೂರ್ತಿ ಹಿಡಿತ ಬರಲು ಕೋಣೆಯ ಉಷ್ಣತೆಯಲ್ಲಿ 72 ಗಂಟೆ ಬೇಕು. ಬೆಚ್ಚನೆ ಗರಾಜ್ ಸಿಗದಿದ್ದರೆ ಏಪ್ರಿಲ್ ತನಕ ಕಾಯುವುದೇ ಲೇಸು. ಗರಾಜ್ ಇರುವ ಗೆಳೆಯರಿದ್ದರೆ ವಾರಾಂತ್ಯಕ್ಕೆ ಕಾಫಿ ನೆಪ ಮಾಡಿಕೊಂಡು ಹೋಗಿ.

ಒಳಗಿನ ತೇವ, ರಸ್ತೆಯ ಉಪ್ಪು

ಕವರ್ ಮುಚ್ಚಿಯೇ ಇಡಿ ಅಂದೆ. ಅದರ ಇನ್ನೊಂದು ಮುಖ ತೇವ. ಹಿಮ ಮೆತ್ತಿದ ಬೂಟು, ಸಲಿಕೆ, ಒದ್ದೆ ಸೌದೆ ಒಳಗೆ ಹಾಕಿದರೆ ಆ ನೀರು ಆವಿಯಾಗಿ ಕವರ್‌ನ ಅಡಿಯಲ್ಲಿ ಮಂಜಿನ ಪದರವಾಗಿ ಕೂರುತ್ತದೆ. ವಸಂತದಲ್ಲಿ ಬೂಷ್ಟು ಹಿಡಿಯುವುದು ಹೀಗೆಯೇ. ಸೊನ್ನೆ ದಾಟಿದ ಒಣ ದಿನ ಸಿಕ್ಕಾಗ ಟೇಲ್‌ಗೇಟ್ ಇಳಿಸಿ ಒಂದೆರಡು ಗಂಟೆ ಗಾಳಿಯಾಡಲು ಬಿಡಿ.

ಉಪ್ಪು ತೊಳೆಯಲು ಕಾರ್ ವಾಶ್‌ಗೆ ಹೋಗುವುದು ಒಳ್ಳೆಯದೇ. ತಿರುಗುವ ಬ್ರಷ್ ಇರುವ ಕಡೆ ಹೋಗಬೇಡಿ. ಕೈಯಲ್ಲಿ ನೀರು ಹೊಡೆಯುವ ಕಡೆ ಹೋಗಿ, ಕೊಳವೆಯನ್ನು ಅಂಚಿನ ಸಂದಿಗೆ ನೇರ ಹಿಡಿಯಬೇಡಿ. ಮೈನಸ್ 15ರ ದಿನ ತೊಳೆದು ಒರೆಸದೆ ಹೊರಬಂದರೆ ಲ್ಯಾಚ್, ಟೇಲ್‌ಗೇಟ್, ಕವರ್ ಎಲ್ಲ ಒಂದೇ ತುಂಡಾಗುತ್ತವೆ. ಸೊನ್ನೆಯ ಹತ್ತಿರ ಬರುವ ದಿನಕ್ಕೆ ಕಾಯಿರಿ.

ಬಿರುಕು ಬಿಟ್ಟರೆ

ಚಿಕ್ಕ ಬಿರುಕನ್ನು ಅಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಗಾಳಿಗೆ ಓಡುತ್ತದೆ. ತಾತ್ಕಾಲಿಕವಾಗಿ ಕೆಳಗಿನಿಂದ ಗಟ್ಟಿ ಟೇಪ್ ಅಂಟಿಸಿ. ಹಚ್ಚುವ ಜಾಗ ಒಣಗಿ ಬೆಚ್ಚಗಿರಬೇಕು, ತಣ್ಣನೆ ವಿನೈಲ್‌ಗೆ ಯಾವ ಟೇಪೂ ಕಚ್ಚುವುದಿಲ್ಲ. ಶಾಶ್ವತ ರಿಪೇರಿಗೆ ವಿನೈಲ್ ತುಂಡು ಮತ್ತು ವಿನೈಲ್ ಸಿಮೆಂಟ್ ಎಂಬ ಅಂಟು. ಲಾರಿ ಟಾರ್ಪಾಲ್ ರಿಪೇರಿಯವರು ಬಳಸುವ ಎಚ್‌ಎಚ್-66 ಇದಕ್ಕೆ ಸರಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೌಕ ಮೂಲೆ ಬೇಗ ಏಳುತ್ತದೆ. ಇದನ್ನೂ ಬೆಚ್ಚನೆ ಜಾಗದಲ್ಲೇ, ಕಿಟಕಿ ತೆರೆದು ಮಾಡಿ. ವಾಸನೆ ಜೋರು. ಮಡಿಕೆಯ ಗೆರೆಯುದ್ದಕ್ಕೂ ಸೀಳಿದ್ದರೆ ತೇಪೆಗೆ ಹಣ ಹಾಕಬೇಡಿ, ಹೊಸ ವಿನೈಲ್ ಹೊದಿಕೆ ಮಾತ್ರ ಸಿಗುತ್ತದಾ ಕೇಳಿ ನೋಡಿ.

ಪೂರ್ತಿ ತೆಗೆದಿಡುವುದು ಮೇಲಾ?

ಚಳಿಗಾಲ ಪೂರ್ತಿ ಸೌದೆ, ಸ್ನೋಬ್ಲೋವರ್ (ಹಿಮ ತೆಗೆಯುವ ಯಂತ್ರ) ಹೊರುವವರಿಗೆ ಮೇಲೇ. ದಿನಾ ತೆಗೆದು ಮುಚ್ಚುವುದಕ್ಕಿಂತ ನವೆಂಬರ್‌ನಲ್ಲಿ ಒಂದೇ ಸಲ ಬಿಚ್ಚಿ, ಒಣಗಿಸಿ, ದೊಡ್ಡ ಸುರುಳಿ ಮಾಡಿ ಬೇಸ್‌ಮೆಂಟ್‌ನಲ್ಲಿ ಇಡಿ. ಮಡಿಸಬೇಡಿ, ಮೇಲೆ ಭಾರ ಹೇರಬೇಡಿ, ಶೆಡ್‌ನಲ್ಲಿ ಇಡಬೇಡಿ. ಇಲಿಗಳಿಗೆ ಸುರುಳಿ ಒಳ್ಳೆಯ ಮನೆ. ಉಳಿದವರು, ಅಂದರೆ ಆಫೀಸು, ಅಂಗಡಿ ಅಂತ ಓಡಾಡುವವರು, ಮುಚ್ಚಿಯೇ ಇಡುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಿಂದ ವಿ-ಕ್ರಾಸ್ ಅಥವಾ ಹೈಲಕ್ಸ್ ಪಿಕಪ್‌ನಲ್ಲಿ ಲೇಹ್, ಸ್ಪಿತಿ ಕಡೆ ಚಳಿಯಲ್ಲಿ ಹೋಗುವವರಿಗೂ ಇದೆಲ್ಲ ಹೊಂದುತ್ತದೆ. ಒಂದೇ ವ್ಯತ್ಯಾಸ: ಬೆಂಗಳೂರಿನ ಬಿಸಿಲಿಗೆ ಬಿಗಿದ ಕವರನ್ನು ಬೆಟ್ಟ ಏರುವ ಮುನ್ನವೇ ಸಡಿಲಿಸಿಕೊಳ್ಳಿ. ಮೇಲೆ ಹೋದ ಮೇಲೆ ಬೋಲ್ಟ್ ತಿರುಗಿಸಲು ಬೆರಳು ಕೇಳುವುದಿಲ್ಲ.

ಏಪ್ರಿಲ್ ಕೊನೆಗೆ, ರಾತ್ರಿಯೂ ಸೊನ್ನೆಗಿಂತ ಮೇಲಿರಲು ಶುರುವಾದಾಗ, ಒಂದು ಸಲ ಉಪ್ಪೆಲ್ಲ ತೊಳೆದು, ಅಡ್ಡಪಟ್ಟಿಗಳು ಬಗ್ಗಿವೆಯಾ ನೋಡಿ, ಕ್ಲ್ಯಾಂಪ್‌ಗಳನ್ನು ಮತ್ತೆ ಬಿಗಿ ಮಾಡಿ. ಅಕ್ಟೋಬರ್‌ನಲ್ಲಿ ಸಡಿಲಿಸಿದ ಬೋಲ್ಟ್‌ಗಳನ್ನು ಅಷ್ಟೇ ಸುತ್ತು ವಾಪಸ್ ತಿರುಗಿಸಿ. ಎಷ್ಟು ಸುತ್ತು ಅಂತ ರೈಲ್‌ನ ಒಳಬದಿಯಲ್ಲಿ ಮಾರ್ಕರ್‌ನಿಂದ ಬರೆದಿಟ್ಟಿದ್ದರೆ ತಲೆ ಕೆರೆದುಕೊಳ್ಳುವ ಕೆಲಸವಿಲ್ಲ.